ಸಲಾಮ್ ಹೇಳಿದ ಅಧ್ಯಕ್ಷರ ಮೊದಲ ದಿನಗಳು

ಹೊಸ ಅಧ್ಯಕ್ಷನನ್ನು ನೂರು ದಿನಗಳಲ್ಲಿ ಅಳೆದು ತೂಗುವ ಪದ್ಧತಿ ಅಮೆರಿಕದ್ದು. 1933ರಲ್ಲಿ ಬ್ಯಾಂಕುಗಳು ಬಾಗಿಲು ಮುಚ್ಚುತ್ತಿದ್ದ ಹೊತ್ತಿನಲ್ಲಿ ಅಧಿಕಾರಕ್ಕೆ ಬಂದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಂಗ್ರೆಸ್ಸಿನ ವಿಶೇಷ ಅಧಿವೇಶನ ಕರೆದು ಹದಿನೈದು ದೊಡ್ಡ ಕಾನೂನುಗಳನ್ನು ಮಾಡಿಸಿಕೊಂಡರು. ಆ ಜುಲೈಯಲ್ಲಿ ರೇಡಿಯೋ ಭಾಷಣವೊಂದರಲ್ಲಿ "ನೂರು ದಿನ" ಎಂಬ ಮಾತನ್ನು ಬಳಸಿದವರೂ ಅವರೇ. ಅಂದಿನಿಂದ ಪತ್ರಿಕೆಗಳಿಗೆ ಅದೊಂದು ಗಜಕಡ್ಡಿ. ತಮಾಷೆಯೆಂದರೆ ಈ ಮಾತು ಅದಕ್ಕೂ ಮುಂಚೆ ಸಲ್ಲುತ್ತಿದ್ದದ್ದು ನೆಪೋಲಿಯನ್‌ಗೆ. 1815ರಲ್ಲಿ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದು, ಮತ್ತೆ ಸಿಂಹಾಸನವೇರಿ, ವಾಟರ್ಲೂನಲ್ಲಿ ಮಣ್ಣುಮುಕ್ಕಿದ ಆತನ ಆ ಅವಧಿಗೆ ಇಟ್ಟ ಹೆಸರದು. ಸೋತವನ ಲೆಕ್ಕ ಗೆದ್ದವರ ಅಳತೆಯಾಯಿತು. ಇದೆಲ್ಲ ನೂರು ದಿನಗಳಲ್ಲಿ ಮುಗಿಯುವ ಕೆಲಸವಲ್ಲ ಎಂದು ಪ್ರಮಾಣವಚನದ ದಿನವೇ ಹೇಳಿದ್ದ ಜಾನ್ ಕೆನಡಿ, ಮೂರು ತಿಂಗಳು ತುಂಬುವ ಮೊದಲೇ ಕ್ಯೂಬಾದ ಬೇ ಆಫ್ ಪಿಗ್ಸ್‌ನಲ್ಲಿ ಮುಗ್ಗರಿಸಿದ್ದರು.

ಆದರೆ ಬರಾಕ್ ಒಬಾಮ ಅವರನ್ನು ಅಳೆಯಲು ಮುಸ್ಲಿಮರು ನೂರು ದಿನ ಕಾಯಲಿಲ್ಲ. 2009ರ ಜನವರಿ 20ರಂದು ಪ್ರಮಾಣವಚನದಲ್ಲಿ ತಮ್ಮ ಹೆಸರಿನ ನಡುವಿನ "ಹುಸೇನ್" ಅನ್ನು ಅವರು ನುಂಗಿಕೊಳ್ಳದೆ ಉಚ್ಚರಿಸಿದ್ದೇ ಸಾಕಾಯಿತು. ಮಗ್ರಿಬ್ ನಮಾಜ್ ಮುಗಿಸಿ ಹೋಟೆಲಿನಲ್ಲಿ ಕುಳಿತವರ ಬಾಯಲ್ಲೆಲ್ಲ ಅದೇ ಹೆಸರು. ಇರಾಕ್, ಅಬು ಗುರೈಬ್, ಗ್ವಾಂಟನಾಮೋ ಎಂದು ಎಂಟು ವರ್ಷ ಕೇಳಿ ಬೇಸತ್ತ ಕಿವಿಗಳಿಗೆ ಅದು ಇಂಪಾಗಿತ್ತು, ತಪ್ಪಲ್ಲ. ವಾರದೊಳಗೆ ಅವರು ಅಧ್ಯಕ್ಷರಾಗಿ ತಮ್ಮ ಮೊದಲ ಟಿ.ವಿ. ಸಂದರ್ಶನವನ್ನು ಕೊಟ್ಟದ್ದು ಅಮೆರಿಕದ ಯಾವ ಚಾನೆಲ್ಲಿಗೂ ಅಲ್ಲ, ಅಲ್ ಅರಬಿಯಾಕ್ಕೆ. ತಮ್ಮ ಕುಟುಂಬದಲ್ಲಿ ಮುಸ್ಲಿಮರಿದ್ದಾರೆ, ತಾನು ಮುಸ್ಲಿಮ್ ದೇಶದಲ್ಲಿ ಬದುಕಿದವನು ಎಂದರು. ಚುನಾವಣೆಗೆ ಮುಂಚೆ ಇದೇ ಮಾತು ಅವರಿಗೆ ಹೊರೆಯಾಗಿತ್ತು. 2008ರ ಜೂನ್‌ನಲ್ಲಿ ಡೆಟ್ರಾಯಿಟ್‌ನ ಸಭೆಯಲ್ಲಿ ಕ್ಯಾಮೆರಾಕ್ಕೆ ಕಾಣುವ ಜಾಗದಿಂದ ಇಬ್ಬರು ಹಿಜಾಬ್‌ಧಾರಿ ಯುವತಿಯರನ್ನು ಅವರ ಪ್ರಚಾರದ ಸ್ವಯಂಸೇವಕರು ದೂರವಿಟ್ಟಿದ್ದರು. ಒಬಾಮ ಆಮೇಲೆ ಕ್ಷಮೆ ಕೇಳಿದರು. ಆತ ಮುಸ್ಲಿಮನಾಗಿದ್ದರೆ ತಾನೇ ಏನು ತಪ್ಪು ಎಂದು ಆ ವರ್ಷ ಗಟ್ಟಿಯಾಗಿ ಕೇಳಿದ ದೊಡ್ಡ ಮನುಷ್ಯ ಎದುರು ಪಕ್ಷದ ಕಾಲಿನ್ ಪೊವೆಲ್, ಇರಾಕ್ ಯುದ್ಧಕ್ಕೆ ವಿಶ್ವಸಂಸ್ಥೆಯಲ್ಲಿ ವಕಾಲತ್ತು ಮಾಡಿದ ಅದೇ ಪೊವೆಲ್!

ಈಗ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಜನವರಿ 22. ನಿವೃತ್ತ ಸೇನಾಧಿಕಾರಿಗಳನ್ನು ಹಿಂದೆ ನಿಲ್ಲಿಸಿಕೊಂಡು, ಕ್ಯಾಮೆರಾಗಳ ಮುಂದೆ ಒಬಾಮ ಆಜ್ಞೆಗಳಿಗೆ ಸಹಿ ಹಾಕಿದರು. ಗ್ವಾಂಟನಾಮೋ ಸೆರೆಮನೆಯನ್ನು ಒಂದು ವರ್ಷದೊಳಗೆ ಮುಚ್ಚಬೇಕು, ಕೈದಿಗಳ ಚಿತ್ರಹಿಂಸೆ ನಿಲ್ಲಬೇಕು. ಆಗ ಅಲ್ಲಿ ಸುಮಾರು 240 ಜನ ಇದ್ದರು. ಪ್ರಪಂಚದ ಪತ್ರಿಕೆಗಳ ಮುಖಪುಟದಲ್ಲೆಲ್ಲ ಆ ಸಹಿಯ ಚಿತ್ರ ಬಂತು.

ಜನವರಿ 23. ಪಾಕಿಸ್ತಾನದ ಉತ್ತರ ಮತ್ತು ದಕ್ಷಿಣ ವಜೀರಿಸ್ತಾನಗಳಲ್ಲಿ ಸಿ.ಐ.ಎ.ಯ ಡ್ರೋನ್‌ಗಳು ಎರಡು ಮನೆಗಳ ಮೇಲೆ ಕ್ಷಿಪಣಿ ಎಸೆದವು. ಸತ್ತವರಲ್ಲಿ ಸಾಮಾನ್ಯ ಜನ ಹಲವರಿದ್ದರು. ಹದಿನಾಲ್ಕು ವರ್ಷದ ಹುಡುಗನೊಬ್ಬ ತನ್ನ ಚಿಕ್ಕಪ್ಪಂದಿರನ್ನೂ ಒಂದು ಕಣ್ಣನ್ನೂ ಕಳೆದುಕೊಂಡ. ಗುರಿ ತಪ್ಪಿದ್ದು ಕೂಡಲೇ ಅಧ್ಯಕ್ಷರಿಗೆ ತಿಳಿದಿತ್ತು ಎಂದು ಅಮೆರಿಕದ ಪತ್ರಕರ್ತರೇ ನಂತರ ಬರೆದಿದ್ದಾರೆ. ಆ ಸಹಿಗೆ, ಅದು ಸಹಿಯೋ ತಲೆಯಾಡಿಸುವಿಕೆಯೋ, ಚಿತ್ರವಿಲ್ಲ. ಡ್ರೋನ್ ದಾಳಿ ನಡೆಯುತ್ತಿದೆ ಎಂಬುದನ್ನು ಒಬಾಮ ಬಹಿರಂಗವಾಗಿ ಬಾಯಿಬಿಟ್ಟು ಒಪ್ಪಿಕೊಂಡದ್ದು 2012ರ ಜನವರಿಯಲ್ಲಿ.

ಈ ಎರಡನ್ನು ಹೇಗೆ ತೂಗುವುದು? ಆಗ ಬಂದ ವಿಮರ್ಶೆಗಳಲ್ಲಿ ಹೆಚ್ಚಿನವು ಮೊದಲನೆಯದನ್ನು ಕೆಲಸವೆಂದೂ ಎರಡನೆಯದನ್ನು ಬುಷ್ ಕಾಲದ ಬಾಕಿಯೆಂದೂ ಎಣಿಸಿದವು. ನನ್ನ ಲೆಕ್ಕ ಬೇರೆ. ಸಹಿ ಹಾಕಿದರೂ ಈಡೇರಲು ಹತ್ತು ಜನರ ಕೈ ಬೇಕಾದದ್ದು ವಾಗ್ದಾನ. ಅದನ್ನು ಮುಂದೆ ಆತ ಎಷ್ಟು ಬೆವರು ಸುರಿಸಿ ಕಾಪಾಡುತ್ತಾನೆಂಬುದರ ಮೇಲೆ ಅದರ ಬೆಲೆ. ಯಾರನ್ನೂ ಕೇಳದೆ, ಹೇಳಿದ ಮರುಗಳಿಗೆಯಲ್ಲಿ ನಡೆದುಹೋಗುವುದು ಅಮಲ್. ಗ್ವಾಂಟನಾಮೋ ಮುಚ್ಚಲು ಕಾಂಗ್ರೆಸ್ಸಿನ ಹಣ ಬೇಕಿತ್ತು, ಬೇರೆ ದೇಶಗಳ ಒಪ್ಪಿಗೆ ಬೇಕಿತ್ತು. ವಜೀರಿಸ್ತಾನದ ದಾಳಿ ನಿಲ್ಲಿಸಲು ಒಬ್ಬನ "ಬೇಡ" ಸಾಕಿತ್ತು.

ಇದಕ್ಕೆ ಉತ್ತರವಾಗಿ ಒಬಾಮರ ಅಭಿಮಾನಿಗಳು ಯಾವಾಗಲೂ ಸೆನೆಟ್ಟಿನತ್ತ ಬೆರಳು ತೋರಿಸುತ್ತಾರೆ. 2009ರ ಮೇ 20ರಂದು ಗ್ವಾಂಟನಾಮೋ ಮುಚ್ಚಲು ಕೇಳಿದ್ದ 8 ಕೋಟಿ ಡಾಲರನ್ನು ಸೆನೆಟ್ 90-6 ಮತಗಳಿಂದ ನಿರಾಕರಿಸಿತು. ಬಹುಮತ ಇದ್ದದ್ದು ಅವರದೇ ಪಕ್ಷಕ್ಕೆ. ನಿಜ. ಆದರೆ ಜನವರಿಯಿಂದ ಮೇವರೆಗಿನ ನಾಲ್ಕು ತಿಂಗಳು? ಅಲ್ಲಿ ಹದಿನೇಳು ಮಂದಿ ವೀಗುರ್ ಮುಸ್ಲಿಮರಿದ್ದರು. ಚೀನಾದ ಷಿನ್‌ಜಿಯಾಂಗ್‌ನಿಂದ ಓಡಿಬಂದು ಅಫ್ಘಾನಿಸ್ತಾನದಲ್ಲಿ ಆಶ್ರಯ ಪಡೆದಿದ್ದವರು. ಇವರು ಅಮೆರಿಕದ ಶತ್ರುಗಳಲ್ಲವೆಂದು ಬುಷ್ ಸರಕಾರವೇ ಒಪ್ಪಿತ್ತು. ಚೀನಾಕ್ಕೆ ಕಳುಹಿಸಿದರೆ ಉಳಿಯುವುದಿಲ್ಲ, ಬೇರೆಯವರು ಚೀನಾಕ್ಕೆ ಹೆದರಿ ಕರೆದುಕೊಳ್ಳುವುದಿಲ್ಲ. ಇವರನ್ನು ಅಮೆರಿಕದೊಳಗೆ ಬಿಡುಗಡೆ ಮಾಡಿ ಎಂದು 2008ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶರೊಬ್ಬರು ಆದೇಶಿಸಿದ್ದರು. 2009ರ ಫೆಬ್ರವರಿಯಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಒಳಗೆ ಬಿಡುವುದು ಬಿಡದಿರುವುದು ಸರಕಾರದ ವಿವೇಚನೆ ಎಂದಿತು. ಅಂದರೆ ಬೀಗದಕೈ ಬಂದು ಬಿದ್ದದ್ದು ಒಬಾಮರ ಅಂಗೈಗೆ. ಒಂದಿಬ್ಬರನ್ನು ವರ್ಜೀನಿಯಾಕ್ಕೆ ಕರೆತಂದು ನೆಲೆಗೊಳಿಸುವ ಯೋಜನೆಯೂ ತಯಾರಾಯಿತು. ಆ ಕ್ಷೇತ್ರದ ಕಾಂಗ್ರೆಸ್ ಸದಸ್ಯ ಗದ್ದಲವೆಬ್ಬಿಸಿದ ಕೂಡಲೇ ಶ್ವೇತಭವನ ಹಿಂದೆ ಸರಿಯಿತು. ಜೂನ್‌ನಲ್ಲಿ ನಾಲ್ವರು ಬರ್ಮುಡಾಕ್ಕೆ, ವರ್ಷದ ಕೊನೆಗೆ ಆರು ಜನ ಪೆಸಿಫಿಕ್ ಸಾಗರದ ಪಲಾವು ಎಂಬ ಪುಟ್ಟ ದ್ವೀಪಕ್ಕೆ. ಕೊನೆಯ ಮೂವರು ಸ್ಲೊವಾಕಿಯಾಕ್ಕೆ ಹೊರಟದ್ದು 2013ರ ಡಿಸೆಂಬರ್‌ನಲ್ಲಿ. ತಪ್ಪಿಲ್ಲವೆಂದು ತೀರ್ಮಾನವಾದ ಮೇಲೂ ವರ್ಷಗಟ್ಟಲೆ ಸೆರೆ!

ಆ ಇಬ್ಬರು ವರ್ಜೀನಿಯಾದ ಬೀದಿಯಲ್ಲಿ ತರಕಾರಿ ಕೊಳ್ಳುತ್ತಾ ಓಡಾಡಿದ್ದನ್ನು ಅಮೆರಿಕನ್ನರು ಕಂಡಿದ್ದರೆ, ಗ್ವಾಂಟನಾಮೋ ಎಂದರೆ ಭೂತಗಳ ಗುಹೆಯೆಂಬ ಭಯ ಅಷ್ಟಾದರೂ ಇಳಿಯುತ್ತಿತ್ತು. ಸೆನೆಟ್ಟಿನ ಆ ತೊಂಬತ್ತು ಮತಗಳು ಬಂದದ್ದು ಶ್ವೇತಭವನದ ಈ ಹಿಂಜರಿಕೆಯನ್ನು ನೋಡಿದ ಮೇಲೆ. 2017ರಲ್ಲಿ ಒಬಾಮ ಕೆಳಗಿಳಿದಾಗ 41 ಕೈದಿಗಳು ಉಳಿದಿದ್ದರು, 2025ರ ಜನವರಿಯಲ್ಲಿ ಬೈಡನ್ ಇಳಿದಾಗ 15.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಚಿತ್ರಹಿಂಸೆ ನಿಷೇಧಿಸಿದ ಆಜ್ಞೆ ಉಳಿಯಿತು. 2015ರಲ್ಲಿ ಕಾಂಗ್ರೆಸ್ ಅದರ ಸಾರವನ್ನು ಕಾನೂನೇ ಮಾಡಿತು. ಹೆಣ್ಣುಮಕ್ಕಳ ಸಮಾನ ವೇತನದ ಲಿಲ್ಲಿ ಲೆಡ್‌ಬೆಟರ್ ಕಾಯಿದೆ ಅವರು ಅಧ್ಯಕ್ಷರಾಗಿ ಸಹಿ ಹಾಕಿದ ಮೊದಲ ಕಾಯಿದೆ. ಬುಷ್ ಕಾಲದ ವಕೀಲರು ಚಿತ್ರಹಿಂಸೆಯನ್ನು ಸಮರ್ಥಿಸಿ ಬರೆದುಕೊಟ್ಟಿದ್ದ ಗುಪ್ತ ಟಿಪ್ಪಣಿಗಳನ್ನು ಏಪ್ರಿಲ್ 16ರಂದು ಬಹಿರಂಗಗೊಳಿಸಿದರು. ಗೂಢಚಾರ ಇಲಾಖೆಯ ವಿರೋಧದ ನಡುವೆ ಅದು ಸಣ್ಣ ಧೈರ್ಯವಲ್ಲ. ಆದರೆ ಅದೇ ದಿನ, ಆ ಟಿಪ್ಪಣಿ ನಂಬಿ ನಡೆದುಕೊಂಡವರ ಮೇಲೆ ಮೊಕದ್ದಮೆಯಿಲ್ಲವೆಂದೂ ಸಾರಿದರು. ಮೇ ತಿಂಗಳಲ್ಲಿ ಕೈದಿಗಳ ಮೇಲಿನ ದೌರ್ಜನ್ಯದ ಫೋಟೋಗಳನ್ನು ಬಿಡುಗಡೆ ಮಾಡುತ್ತೇವೆಂದವರು ಮಾಡುವುದಿಲ್ಲವೆಂದರು. ಅದೇ ವಾರ ಸೇನಾ ವಿಚಾರಣಾ ಮಂಡಳಿಗಳನ್ನೂ ಮತ್ತೆ ಎಬ್ಬಿಸಿದರು.

ನಮ್ಮ ಊರಿನ ಹೆಸರೂ ಈ ಕತೆಯಲ್ಲಿ ಒಮ್ಮೆ ಬರುತ್ತದೆ. 2009ರ ಮೇ 4ರಂದು ಒಬಾಮ ತೆರಿಗೆ ಸುಧಾರಣೆಯ ಕುರಿತು ಮಾತನಾಡುತ್ತಾ, ನ್ಯೂಯಾರ್ಕ್ ರಾಜ್ಯದ ಬಫೆಲೋದಲ್ಲಿ ಕೆಲಸ ಸೃಷ್ಟಿಸುವ ಕಂಪೆನಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸುವ ಕಂಪೆನಿ ಕಡಿಮೆ ತೆರಿಗೆ ಕೊಡುವ ವ್ಯವಸ್ಥೆ ಬದಲಾಗಬೇಕು ಎಂದರು. ಕೂಡಲೇ ಇಲ್ಲಿ ಕೋಲಾಹಲ. ನಿನ್ನೆ ತನಕ ದೇವರಾಗಿದ್ದವರು ಐ.ಟಿ. ವಲಯಕ್ಕೆ ದೆವ್ವವಾದರು. ಅದೇ ಮೇ 4ರಂದು ಅಫ್ಘಾನಿಸ್ತಾನದ ಫರಾಹ್ ಪ್ರಾಂತ್ಯದ ಗ್ರಾನೈ ಎಂಬ ಹಳ್ಳಿಯ ಮೇಲೆ ಅಮೆರಿಕದ ಬಾಂಬು ಬಿತ್ತು. ಸತ್ತ ನಾಗರಿಕರು 140 ಎಂದಿತು ಅಫ್ಘಾನ್ ಸರಕಾರ, ಕನಿಷ್ಠ 26 ಎಂದಿತು ಅಮೆರಿಕದ ಸೇನೆ. ಬಫೆಲೋ ಎಲ್ಲಿದೆಯೆಂದು ಆ ವಾರ ಬೆಂಗಳೂರಿನವರಿಗೆಲ್ಲ ಗೊತ್ತಾಯಿತು. ಗ್ರಾನೈ ಎಲ್ಲಿದೆಯೆಂದು ಎಷ್ಟು ಜನರಿಗೆ ಗೊತ್ತಾಯಿತು?

ಇದಾಗಿ ಒಂದು ತಿಂಗಳಿಗೆ, ಜೂನ್ 4ರಂದು, ಕೈರೋ ವಿಶ್ವವಿದ್ಯಾಲಯದ ತಖ್ರೀರ್. ಅಲ್ ಅಝ್‌ಹರ್ ಕೂಡ ಸಹ ಆತಿಥೇಯ. ಅಮೆರಿಕದ ಮುಸ್ಲಿಮರ ಪರವಾಗಿ "ಅಸ್ಸಲಾಮು ಅಲೈಕುಮ್" ಎಂದಾಗ ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಕತೆ ಬರೆಯುವವನ ಕಣ್ಣಿನಿಂದ ನೋಡಿದರೆ ಬಹಳ ಒಳ್ಳೆಯ ಕಟ್ಟಡ ಅದು. ಇಸ್ಲಾಮ್ ಜ್ಞಾನಕ್ಕೆ ಕೊಟ್ಟ ಕೊಡುಗೆ ಇದೆ, ಹಿಜಾಬ್ ಧರಿಸುವ ಹಕ್ಕಿದೆ, ಪ್ಯಾಲೆಸ್ತೀನಿಯರ ಸ್ಥಿತಿ ಸಹಿಸಲಾಗದ್ದು ಎಂಬ ಮಾತಿದೆ. ಆಕ್ರಮಿತ ನೆಲದ ಯಹೂದಿ ವಸಾಹತುಗಳು ಮುಂದುವರಿಯುವುದನ್ನು ಅಮೆರಿಕ ಸಕ್ರಮವೆಂದು ಒಪ್ಪುವುದಿಲ್ಲ ಎಂದರು. ಹಿಂದಿನವರ ಬಾಯಲ್ಲಿ ಇಂಥ ಮಾತುಗಳು ಇಷ್ಟು ಸಲೀಸಾಗಿ ಬಂದದ್ದಿಲ್ಲ. ಅದನ್ನು ನಾಟಕವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಸಭ್ಯವಾದ ಮಾತಿಗೂ ಬೆಲೆಯಿದೆ, ಅದನ್ನು ಕಳೆದುಕೊಂಡ ಮೇಲೆ ನಮಗೆ ಅದು ಗೊತ್ತಾಗಿದೆ.

ಆದರೆ ಒಬ್ಬ ನಿರಪರಾಧಿಯ ಕೊಲೆ ಇಡೀ ಮನುಕುಲದ ಕೊಲೆಯಂತೆ ಎಂಬ ಆಶಯದ ಕುರ್‌ಆನ್ ಆಯತನ್ನು ಅವರು ಅಲ್ಲಿ ಉಲ್ಲೇಖಿಸಿದ್ದು ಅಲ್ ಖಾಯಿದಾದ ವಿರುದ್ಧ. ಸರಿಯಾಗಿಯೇ ಉಲ್ಲೇಖಿಸಿದರು. ವಜೀರಿಸ್ತಾನದ ಆ ಎರಡು ಮನೆಗಳಾಗಲಿ, ಗ್ರಾನೈಯಾಗಲಿ ಭಾಷಣದಲ್ಲಿ ಇರಲಿಲ್ಲ. ಆಯತ್ ಒಂದೇ ಕಡೆಗೆ ತಿರುಗಿದ ಕನ್ನಡಿಯೇ? ಗ್ವಾಂಟನಾಮೋವನ್ನು ಮುಂದಿನ ವರ್ಷದ ಆರಂಭಕ್ಕೆ ಮುಚ್ಚಲಾಗುವುದೆಂದು ಅಲ್ಲಿಯೂ ಹೇಳಿದರು. ಸೆನೆಟ್ ಹಣ ನಿರಾಕರಿಸಿ ಆಗ ಎರಡು ವಾರ ಕಳೆದಿತ್ತು. ಸರಕಾರಗಳು ಜನರ ಇಚ್ಛೆಯಂತೆ ನಡೆಯಬೇಕೆಂದು ಹೇಳಿದ್ದು 1981ರಿಂದ ತುರ್ತುಸ್ಥಿತಿ ಕಾನೂನಿನಡಿ ಇದ್ದ ದೇಶದಲ್ಲಿ. ಅದರ ಸೇನೆಗೆ ವರ್ಷಕ್ಕೆ 130 ಕೋಟಿ ಡಾಲರ್ ಕೊಡುತ್ತಿದ್ದದ್ದು ಅಮೆರಿಕವೇ. ವಸಾಹತುಗಳ ವಿರುದ್ಧ ಭದ್ರತಾ ಮಂಡಳಿಗೆ ನಿರ್ಣಯ ಬಂದಾಗ, 2011ರ ಫೆಬ್ರವರಿಯಲ್ಲಿ, ಒಬಾಮ ಸರಕಾರ ಚಲಾಯಿಸಿದ ಮೊದಲ ವೀಟೋ ಅದರ ಮೇಲೆ. ಅಂಥ ಇನ್ನೊಂದು ನಿರ್ಣಯಕ್ಕೆ ಅಡ್ಡಬಾರದೆ ತಟಸ್ಥರಾದದ್ದು 2016ರ ಡಿಸೆಂಬರ್‌ನಲ್ಲಿ, ಗಂಟುಮೂಟೆ ಕಟ್ಟುವ ಹೊತ್ತಿಗೆ.

ನಮ್ಮವರ ಮೇಲೂ ನನಗೆ ತಕರಾರಿದೆ. ಸಲಾಮ್ ಹೇಳಿದನೆ, ಕುರ್‌ಆನ್ ಉಲ್ಲೇಖಿಸಿದನೆ, ಇಸ್ತಾಂಬುಲ್‌ನ ನೀಲಿ ಮಸೀದಿಗೆ ಹೋದಾಗ ಚಪ್ಪಲಿ ಬಿಟ್ಟನೆ ಎಂದು ನೋಡಿ ನಾಯಕನನ್ನು ಪಾಸು ಮಾಡುವುದು ನಮಗೆ ಚಟವಾಗಿದೆ. ರಮಝಾನಿನಲ್ಲಿ ಟೋಪಿ ಹಾಕಿಕೊಂಡು ಖರ್ಜೂರ ಕಚ್ಚುವ ಇಲ್ಲಿನ ಮಂತ್ರಿಗಳನ್ನು ಅಳೆಯುವ ಗಜಕಡ್ಡಿಯೂ ಅದೇ ಅಲ್ಲವೆ?

ಇಷ್ಟು ಬೇಗ ತೀರ್ಪು ಕೊಡಬಾರದಿತ್ತು ಎನ್ನುವವರಿದ್ದಾರೆ. ನಾರ್ವೆಯ ನೊಬೆಲ್ ಸಮಿತಿಗೆ ಆ ತಾಳ್ಮೆ ಇರಲಿಲ್ಲ. 2009ರ ಶಾಂತಿ ಪ್ರಶಸ್ತಿಗೆ ಹೆಸರು ಸೂಚಿಸಲು ಕೊನೆಯ ದಿನ ಫೆಬ್ರವರಿ 1, ಒಬಾಮ ಅಧಿಕಾರಕ್ಕೆ ಬಂದು ಆಗ ಹನ್ನೆರಡು ದಿನ. ಅಕ್ಟೋಬರ್ 9ರಂದು ಪ್ರಶಸ್ತಿ ಘೋಷಣೆಯಾಯಿತು, ಡಿಸೆಂಬರ್ 1ರಂದು ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರು ಎಂಬ ಘೋಷಣೆ, 10ರಂದು ಓಸ್ಲೋದಲ್ಲಿ ನ್ಯಾಯಯುತ ಯುದ್ಧದ ಬಗ್ಗೆ ಭಾಷಣ. ಈ ಪ್ರಶಸ್ತಿಯಿಂದ ಅಂದುಕೊಂಡದ್ದು ಆಗಲಿಲ್ಲವೆಂದು ಸಮಿತಿಯ ಆಗಿನ ಕಾರ್ಯದರ್ಶಿ ಗೇರ್ ಲುಂಡೆಸ್ಟಾಡ್ 2015ರ ತಮ್ಮ ನೆನಪುಗಳಲ್ಲಿ ಬರೆದರು.

ಹೊಗಳಿಕೆಗೆ ಅವಸರ ಸಲ್ಲುವುದಾದರೆ ಪ್ರಶ್ನೆಗೂ ಸಲ್ಲಬೇಕು. 2017ರ ಜನವರಿ 27ರಂದು, ಅಧಿಕಾರಕ್ಕೆ ಬಂದ ಏಳನೆಯ ದಿನ, ಡೊನಾಲ್ಡ್ ಟ್ರಂಪ್ ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಜನರಿಗೆ ಬಾಗಿಲು ಮುಚ್ಚಿದರು. ಮರುದಿನವೇ ವಿಮಾನ ನಿಲ್ದಾಣಗಳಲ್ಲಿ ಸಾವಿರಾರು ಅಮೆರಿಕನ್ನರು ಸೇರಿದರು, ವಕೀಲರು ನೆಲದ ಮೇಲೆ ಕುಳಿತು ಅರ್ಜಿ ಬರೆದರು, ನ್ಯಾಯಾಧೀಶರೊಬ್ಬರು ರಾತ್ರಿಯೇ ತಡೆಯಾಜ್ಞೆ ಕೊಟ್ಟರು. ಬಹಿರಂಗ ದ್ವೇಷಕ್ಕೆ ಬಹಿರಂಗ ಪ್ರತಿರೋಧ ಸಿಕ್ಕಿತು. 2009ರ ಜನವರಿ 23ಕ್ಕೆ ಯಾವ ನಿಲ್ದಾಣದಲ್ಲೂ ಯಾರೂ ಸೇರಲಿಲ್ಲ. ಆ ದಿನ ಅಧಿಕಾರದಲ್ಲಿದ್ದವರು ಒಳ್ಳೆಯವರು ಎಂಬ ನಂಬಿಕೆಯೇ ಅದಕ್ಕೆ ಕಾರಣ. ಪಾಕಿಸ್ತಾನ, ಯೆಮನ್, ಸೊಮಾಲಿಯಾಗಳಲ್ಲಿ ಬುಷ್ ಕಾಲದಲ್ಲಿ 57, ಒಬಾಮರ ಎಂಟು ವರ್ಷಗಳಲ್ಲಿ 563 ದಾಳಿಗಳಾದವೆಂದು ಲಂಡನ್ನಿನ ಬ್ಯೂರೋ ಆಫ್ ಇನ್ವೆಸ್ಟಿಗೇಟಿವ್ ಜರ್ನಲಿಸಂ ಲೆಕ್ಕ ಹಾಕಿದೆ. ಸತ್ತ ನಾಗರಿಕರು 384ರಿಂದ 807.

ಇಂಥ ದಾಳಿಗಳಲ್ಲಿ ಸತ್ತ ನಾಗರಿಕರ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂಬ ಆಜ್ಞೆಗೆ ಒಬಾಮ ಸಹಿ ಹಾಕಿದ್ದು 2016ರ ಜುಲೈ 1ರಂದು, ಕೊನೆಯ ವರ್ಷದಲ್ಲಿ. 2019ರ ಮಾರ್ಚ್‌ನಲ್ಲಿ ಟ್ರಂಪ್ ಆ ವರದಿಯ ನಿಯಮವನ್ನು ಇನ್ನೊಂದು ಸಹಿಯಿಂದ ಹೊಡೆದುಹಾಕಿದರು.