ನಾರಿನ ಇದ್ದಿಲು ಎಷ್ಟು ನೀರು ಕುಡಿಯುತ್ತದೆ?

ಅಡಿಕೆ ಸುಗ್ಗಿ ಬಂತೆಂದರೆ ಹೊಳಲ್ಕೆರೆ, ಭೀಮಸಮುದ್ರದ ಕಡೆ ರಸ್ತೆ ಬದಿಯಲ್ಲಿ ಸಿಪ್ಪೆಯ ರಾಶಿಗಳು ಏಳುತ್ತವೆ. ರಾತ್ರಿ ಯಾರೋ ಬೆಂಕಿ ಇಟ್ಟು ಹೋಗುತ್ತಾರೆ, ಬೆಳಗ್ಗೆ ಬೈಕಿನವರು ಕಣ್ಣು ಉಜ್ಜಿಕೊಂಡು ಹೋಗುತ್ತಾರೆ. ಹೊಸದುರ್ಗ, ಹಿರಿಯೂರಿನ ತೆಂಗಿನ ಸೀಮೆಯಲ್ಲಿ ಇದೇ ಪಾಡು ಮಟ್ಟೆಯದು. ನಾರು ಬಿಡಿಸಿದ ಮೇಲೆ ಮಟ್ಟೆಯ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ಕಂದು ಪುಡಿಯಾಗಿ ಉಳಿಯುತ್ತದೆ. ಈ ಕಸವನ್ನೆಲ್ಲ ಸುಟ್ಟು ಸೂಕ್ಷ್ಮ ರಂಧ್ರಗಳ ಇಂಗಾಲ ಮಾಡಿ, ಅದರಿಂದ ಸಗಣಿ ಗ್ಯಾಸ್ ಶುದ್ಧ ಮಾಡಬಹುದು ಎಂಬ ಮಾತು ಪ್ರಯೋಗಾಲಯಗಳಿಂದ ಬರುತ್ತಲೇ ಇದೆ. ಕೇಳಲು ಚೆನ್ನಾಗಿದೆ. ಆದರೆ ಅಡಿಕೆ ಸಿಪ್ಪೆ, ನಾರಿನ ಪುಡಿ, ತೆಂಗಿನ ಚಿಪ್ಪು ಈ ಮೂರು ಕಸಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ಕೆಲಸದ ಬಗೆ ಹೀಗೆ. ಗಾಳಿ ಸಾಲದಂತೆ ಮಾಡಿ 400-600 ಡಿಗ್ರಿಯಲ್ಲಿ ಸುಟ್ಟರೆ ಇದ್ದಿಲು. ಅದನ್ನು 800-1000 ಡಿಗ್ರಿಗೆ ಕಾಯಿಸಿ ಹಬೆ ಹಾಯಿಸಿದರೆ, ಹಬೆ ಇಂಗಾಲವನ್ನು ತಿನ್ನುತ್ತಾ ಒಳಗೆಲ್ಲ ರಂಧ್ರ ಕೊರೆಯುತ್ತದೆ. ಒಳ್ಳೆಯ ಚಿಪ್ಪಿನ ಇಂಗಾಲದ ಒಂದು ಗ್ರಾಂನ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನು. ಆ ಮೈಗೆ ಅನಿಲದ ಕಣಗಳು ಅಂಟಿಕೊಳ್ಳುತ್ತವೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದಾಗ ರಷ್ಯಾದ ರಸಾಯನಶಾಸ್ತ್ರಜ್ಞ ಝೆಲಿನ್‌ಸ್ಕಿ 1915ರಲ್ಲಿ ಇದ್ದಿಲಿನ ಮುಖವಾಡ ಮಾಡಿದ. ಅಮೆರಿಕದವರು ತೆಂಗಿನ ಚಿಪ್ಪು, ಪೀಚ್ ಹಣ್ಣಿನ ಓಟೆಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದರು. ಅವರು ಗಟ್ಟಿ ಓಟೆಯನ್ನೇ ಆರಿಸಿದರೆಂಬುದನ್ನು ನಮ್ಮ ಉತ್ಸಾಹಿಗಳು ಗಮನಿಸುವುದು ಕಡಿಮೆ.

ಚೆನ್ನಾಗಿ ಬೆಂದ ಚಿಪ್ಪಿನ ಇದ್ದಿಲನ್ನು ಕಲ್ಲಿನ ಮೇಲೆ ಹಾಕಿ ನೋಡಿ: ಠಣ್ ಎನ್ನುತ್ತದೆ, ಮುರಿದ ಕಡೆ ಹೊಳೆಯುತ್ತದೆ. ಅದರ ರಂಧ್ರಗಳಲ್ಲಿ ಬಹುಪಾಲು ಎರಡು ನ್ಯಾನೋಮೀಟರಿಗಿಂತ ಸಣ್ಣವು, ಅನಿಲ ಹಿಡಿಯಲು ಹೇಳಿ ಮಾಡಿಸಿದಂಥವು. ನಾರಿನ ಪುಡಿಯ ಇದ್ದಿಲು ಬೆರಳಲ್ಲಿ ಹಿಸುಕಿದರೆ ಮಸಿ. ಹಾಗೇ ಕೊಳವೆಗೆ ತುಂಬಿದರೆ ಗ್ಯಾಸ್ ಹಾಯುವುದಿಲ್ಲ, ಇಲ್ಲವೇ ಪುಡಿ ಗ್ಯಾಸಿನ ಜೊತೆ ಎಂಜಿನ್ ಸೇರುತ್ತದೆ. ಅಂಟು ಸೇರಿಸಿ ಗುಳಿಗೆ ಕಟ್ಟಬೇಕು, ಅದು ಇನ್ನೊಂದು ಖರ್ಚು.

ಹಾಗಾದರೆ ನಾರಿನ ಇಂಗಾಲಕ್ಕೆ ಲೇಖನಗಳಲ್ಲಿ ಎರಡು ಸಾವಿರ ಚದರ ಮೀಟರಿನ ಲೆಕ್ಕ ಹೇಗೆ ಬರುತ್ತದೆ? ಹಬೆಯ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಂಥ ತೀಕ್ಷ್ಣ ಕ್ಷಾರ ಬೆರೆಸಿ ಕಾಯಿಸಿದ್ದರಿಂದ. ಆಮೇಲೆ ಆ ಕ್ಷಾರ ಹೋಗುವವರೆಗೆ ತೊಳೆಯಬೇಕು, ಮತ್ತೆ ಮತ್ತೆ ತೊಳೆಯಬೇಕು. ಬೀಕರಿನಲ್ಲಿ ಇದು ಒಂದು ಸಾಲಿನ ವಿಷಯ. ಹಿರಿಯೂರಿನಲ್ಲಿ ಹಾಗಲ್ಲ. 1907ರಲ್ಲಿ ಕಟ್ಟಿ ಮುಗಿದ ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ನಡುವಿನ ಬರಗಳಲ್ಲಿ ಬೋರ್‌ವೆಲ್ ಬತ್ತಿ ತೆಂಗಿನ ತೋಟಗಳೇ ಸುಳಿ ಒಣಗಿ ನಿಂತವು. ಅಂಥ ಊರಲ್ಲಿ ತೊಳೆಯುವ ನೀರು ಎಲ್ಲಿಂದ ತರುತ್ತೀರಿ, ತೊಳೆದ ಕ್ಷಾರದ ನೀರನ್ನು ಯಾರ ಹೊಲಕ್ಕೆ ಬಿಡುತ್ತೀರಿ ಎಂದು ಕೇಳದ ಸಂಶೋಧನೆ ನನ್ನ ಮಟ್ಟಿಗೆ ಅರ್ಧ ಸಂಶೋಧನೆ. ಇನ್ನೂ ವಿಚಿತ್ರವೆಂದರೆ, ಈ ನಾರಿನ ಪುಡಿಯೇ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುವ ವಸ್ತು. ಯೂರಿಯಾ ಮತ್ತು ಅಣಬೆ ಜಾತಿಯ ಶಿಲೀಂಧ್ರ ಹಾಕಿ ತಿಂಗಳೊಪ್ಪತ್ತು ಕೊಳೆಸಿದರೆ ಗೊಬ್ಬರವಾಗುವ ಕ್ರಮವನ್ನು ಕಾಯರ್ ಬೋರ್ಡ್ ಎಂದೋ ತೋರಿಸಿಕೊಟ್ಟಿದೆ. ನೀರು ಉಳಿಸುವುದನ್ನು ಸುಟ್ಟು, ಅದನ್ನು ತೊಳೆಯಲು ನೀರು ಸುರಿಯುವುದು ಯಾವ ಜಾಣತನ?

ಇನ್ನು ಗ್ಯಾಸಿನ ವಿಚಾರ. ಸಗಣಿ ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಎಂಜಿನ್ನಿನ ತಾಮ್ರದ ಭಾಗಗಳನ್ನು ತಿಂದುಹಾಕುವುದು ಅದೇ. ಮನೆಯ ಒಲೆ ಅಷ್ಟಕ್ಕೆ ಬಗ್ಗುವುದಿಲ್ಲ. ಸಣ್ಣ ಎಂಜಿನ್ನಿಗೆ ಲೇತ್ ಅಂಗಡಿಯ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡ್ರಮ್ಮೂ ಸಾಕಾಗುತ್ತದೆ. ಇಂಗಾಲದ ನಿಜವಾದ ಗಿರಾಕಿ ಗ್ಯಾಸನ್ನು ಒತ್ತಿ ಸಿಲಿಂಡರಿಗೆ ತುಂಬುವ ದೊಡ್ಡ ಘಟಕ. ಕೇಂದ್ರ ಸರ್ಕಾರ 2018ರಲ್ಲಿ ಶುರುಮಾಡಿದ ಸತತ್ ಯೋಜನೆ ಅಂಥ ಘಟಕಗಳಿಗಾಗಿಯೇ ಬಂದದ್ದು. ಅಲ್ಲಿ ಕೇಳುವುದು ಒಂದೇ ಗುಣಮಟ್ಟದ ಮಾಲು, ವರ್ಷಪೂರ್ತಿ.

ಹಾಗಾಗಿ ನನ್ನ ತೀರ್ಪು ಇಷ್ಟು. ಚಿಪ್ಪಿಗೆ ಹೂಂ, ಆದರೆ ಗುಂಡಿಯಲ್ಲಿ ಸುಟ್ಟು ಊರಿಗೆಲ್ಲ ಹೊಗೆ ಕುಡಿಸುವ ಹಳೇ ಪದ್ಧತಿಗೆ ಅಲ್ಲ. ನೂರು ಕಿಲೋ ಚಿಪ್ಪಿಗೆ ಮೂವತ್ತರ ಆಸುಪಾಸು ಇದ್ದಿಲು, ಹಬೆ ಕೊಟ್ಟ ಮೇಲೆ ಅದರಲ್ಲೂ ಅರ್ಧದಷ್ಟು ಮಾತ್ರ ಉಳಿಯುವ ಕಸುಬಿದು. ಹಾರಿಹೋಗುವ ಹೊಗೆಯೇ ಉರುವಲು. ಮುಚ್ಚಿದ ಒಲೆಯಲ್ಲಿ ಆ ಹೊಗೆಯನ್ನು ಉರಿಸಿ ಹಬೆ ಮಾಡಿಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಅಡಿಕೆ ಸಿಪ್ಪೆ ಹೇಗೂ ರಸ್ತೆಯಲ್ಲಿ ಬೂದಿಯಾಗುತ್ತಿದೆ, ಅದರ ಮೇಲೆ ಹಬೆಯ ಪ್ರಯೋಗ ನಡೆಯಲಿ, ಕ್ಷಾರ ಬೇಡ. ನಾರಿನ ಪುಡಿ ತೋಟಕ್ಕೆ ಹೋಗಲಿ. ಘಟಕ ಹಾಕುತ್ತೇನೆಂದು ಊರಿಗೆ ಬಂದವರಲ್ಲಿ ಒಳಮೈಯ ಚದರ ಮೀಟರ್ ಕೇಳಬೇಡಿ, ಕಿಲೋ ಇಂಗಾಲಕ್ಕೆ ಎಷ್ಟು ಬಿಂದಿಗೆ ನೀರು ಬೇಕೆಂದು ಕೇಳಿ.