ಬೆನ್ನಿಗಿಂತ ಲಾಡಿ ದೊಡ್ಡದು

ಫೋಟೋಗ್ರಾಫರ್ ಹೋರ್ಸ್ಟ್‌ನ ‘ಮೇನ್‌ಬೋಶೆ ಕಾರ್ಸೆಟ್’ ಎಂಬ ಚಿತ್ರದ ಬಗ್ಗೆ ಬರೆಯುವವರೆಲ್ಲ ಮೊದಲು ರೈಲು ಹತ್ತುತ್ತಾರೆ. 1939ರ ಆಗಸ್ಟ್, ಪ್ಯಾರಿಸ್, ವೋಗ್ ಪತ್ರಿಕೆಯ ಸ್ಟುಡಿಯೋ. ಬೆಳಗಿನ ಜಾವ ನಾಲ್ಕಕ್ಕೆ ಕೆಲಸ ಮುಗಿಸಿದ ಫೋಟೋಗ್ರಾಫರ್ ಮನೆಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡ, ಏಳರ ರೈಲು ಹಿಡಿದ, ಲ ಆವ್ರ್ ಬಂದರಿನಲ್ಲಿ ನಾರ್ಮಂಡಿ ಹಡಗೇರಿ ನ್ಯೂಯಾರ್ಕಿಗೆ ಹೊರಟ. ಬೆನ್ನಿಗೇ ಯುದ್ಧ. ಇದು ಹೋರ್ಸ್ಟ್ ತಾನೇ ಹೇಳಿಕೊಂಡ ಕಥೆ. ಬಿಟ್ಟುಹೋಗುತ್ತಿರುವುದನ್ನೆಲ್ಲ ನೆನೆಯುತ್ತ ಆ ಚಿತ್ರ ತೆಗೆದೆ ಎಂದೂ ಹೇಳಿದ್ದಾನೆ. ಇಷ್ಟು ಸಿಕ್ಕ ಮೇಲೆ ವಿಮರ್ಶಕರ ಕೆಲಸ ಸಲೀಸು. ಬೆನ್ನು ತಿರುಗಿಸಿ ಕುಳಿತ ಹೆಣ್ಣೇ ಪ್ಯಾರಿಸ್, ಸಡಿಲಾದ ಲಾಡಿಯೇ ಬಿಚ್ಚಿಹೋಗುತ್ತಿರುವ ಯುರೋಪ್, ತಗ್ಗಿದ ತಲೆಯೇ ವಿದಾಯ. ವಾಚ್ಯದಿಂದ ಹೊಮ್ಮಬೇಕಾದ ಧ್ವನಿ ಇಲ್ಲಿ ರೈಲ್ವೆ ವೇಳಾಪಟ್ಟಿಯಿಂದ ಬರುತ್ತಿದೆ.

ಆ ರೈಲು ಇಲ್ಲದಿದ್ದರೆ ಈ ಚಿತ್ರವನ್ನು ಇಪ್ಪತ್ತನೆಯ ಶತಮಾನದ ಶೋಕಗೀತೆಯೆಂದು ಯಾರೂ ಕರೆಯುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಚಿತ್ರದ ಮೇಲರ್ಧ ನನಗೆ ಸಾಧಾರಣವೆನಿಸುತ್ತದೆ. ಮಡಿಸಿದ ತೋಳು, ಮರೆಯಾದ ಮುಖ, ಒಂದು ಬದಿಯಿಂದ ಬಿದ್ದ ಗಡಸು ಬೆಳಕು, ಕಲ್ಲಿನಂತೆ ನುಣುಪಾದ ಭುಜ: ಗ್ರೀಕ್ ಶಿಲ್ಪದ ಈ ನೆನಪನ್ನು ಹೋರ್ಸ್ಟ್ ಬೇರೆ ಚಿತ್ರಗಳಲ್ಲೂ ದುಡಿಸಿಕೊಂಡಿದ್ದಾನೆ. ಹ್ಯಾಂಬರ್ಗಿನಲ್ಲಿ ಕಲಿತು, ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ಬಳಿ ಕೆಲಸ ಕಲಿಯಲೆಂದು ಪ್ಯಾರಿಸ್ಸಿಗೆ ಬಂದವನು ಅವನು. ರಚನೆಯ ಮೇಲಿನ ಹಿಡಿತ ನಿಜ. ಆದರೆ ಹಿಡಿತ ಬೇರೆ, ಕಾಣ್ಕೆ ಬೇರೆ. ಕಾಣ್ಕೆ ಇರುವುದು ಕೆಳಗಡೆ, ನಡು ಬಿಗಿಯುವ ಒಳಉಡುಪಾದ ಕಾರ್ಸೆಟ್ಟಿನ ಲಾಡಿ ಕಳಚಿಕೊಂಡು ಕಲ್ಲಿನ ಅಂಚನ್ನು ದಾಟಿ ನಮ್ಮ ಕಡೆಗೆ ಇಳಿಬಿದ್ದಿರುವ ಆ ಸ್ವಲ್ಪ ಜಾಗದಲ್ಲಿ.

ಆ ಲಾಡಿಯನ್ನು ಅದರ ಕೆಲಸ ಗೊತ್ತಿರುವವರಂತೆ ಯಾರೂ ನೋಡಿಲ್ಲ. ಕಾರ್ಸೆಟ್ಟಿನ ಬೆನ್ನಿನಲ್ಲಿ ಎರಡು ಸಾಲು ತೂತುಗಳಿರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವಕ್ಕೆ ಲೋಹದ ಉಂಗುರ ಹೊಡೆಯುವುದು ಬಂದ ಮೇಲೆ ಬಟ್ಟೆ ಹರಿಯುವ ಭಯವಿಲ್ಲದೆ ಎಷ್ಟು ಬೇಕಾದರೂ ಎಳೆಯುವಂತಾಯಿತು. ಲಾಡಿ ಅಡ್ಡಡ್ಡ ಹೆಣೆದುಕೊಂಡು ಇಳಿಯುತ್ತದೆ, ನಡುವಿನ ಹತ್ತಿರ ಎರಡು ಕುಣಿಕೆ ಬಿಡುತ್ತಾರೆ, ಎಳೆತವೆಲ್ಲ ಅಲ್ಲಿ. ತೊಡುವಾಗ ಮೊದಲು ಮಾಡಬೇಕಾದದ್ದೇ ಲಾಡಿಯನ್ನು ಪೂರ್ತಿ ಸಡಿಲ ಬಿಡುವುದು. ಬಿಗಿಯುವುದು ಆಮೇಲೆ. ಅಂದರೆ ಇಳಿಬಿದ್ದ ಲಾಡಿ ಕಳಚುವಿಕೆಯ ಗುರುತು ಎಷ್ಟೋ ತೊಡುವಿಕೆಯ ಗುರುತೂ ಅಷ್ಟೇ. ಇವಳು ಈಗ ಬಿಚ್ಚುತ್ತಿದ್ದಾಳೋ, ಯಾರಾದರೂ ಬಂದು ಬಿಗಿಯಲೆಂದು ಕಾಯುತ್ತಿದ್ದಾಳೋ ಚಿತ್ರ ಹೇಳುವುದಿಲ್ಲ. ಶೋಕಗೀತೆಯವರಿಗೆ ಮಾತ್ರ ಅವಳು ಬಿಚ್ಚಲೇಬೇಕು. ಆ ವರ್ಷ ಪ್ಯಾರಿಸ್ಸಿನ ಫ್ಯಾಷನ್ ಮನೆಗಳು ಬಿಗಿದ ನಡುವನ್ನು ಹೊಸದಾಗಿ ಮಾರಲು ಹೊರಟಿದ್ದವು, ವಿನ್ಯಾಸಕ ಮೇನ್‌ಬೋಶೆ ಅದರ ಮುಂಚೂಣಿಯಲ್ಲಿದ್ದ; ಯುದ್ಧ ಅದನ್ನು ತಡೆಯಿತು, 1947ರಲ್ಲಿ ಇನ್ನೊಬ್ಬ ವಿನ್ಯಾಸಕ ಡಿಯೋರ್ ಅದನ್ನು ಮತ್ತೆ ಎತ್ತಿಕೊಂಡ. ಹಾಗೆ ನೋಡಿದರೆ ಇದು ಮುಗಿದುಹೋದ ಕಾಲದ ಚಿತ್ರವಲ್ಲ, ಬರಲಿರುವ ಸರಕಿನ ಜಾಹೀರಾತು. ಜಾಹೀರಾತು ಎಂದರೆ ಕೀಳಾಯಿತು ಎಂದು ನಾನು ಹೇಳುತ್ತಿಲ್ಲ. ಕೀಳು ಎಂದುಕೊಂಡವರೇ ರೈಲು ಹತ್ತುವುದು.

ಇನ್ನು ನಮ್ಮಲ್ಲಿ ಕಲಾವಿಮರ್ಶಕ ಬರ್ಜರ್‌ನನ್ನು ಓದಿಕೊಂಡವರದು ಬೇರೆಯ ತಕರಾರು. ಮುಖವಿಲ್ಲದ ಹೆಣ್ಣು, ಅರೆಬೆತ್ತಲೆ ಬೆನ್ನು, ಕ್ಯಾಮೆರಾ ಹಿಡಿದ ಗಂಡು: ತೀರ್ಪು ಬರೆಯಲು ಚಿತ್ರ ನೋಡಬೇಕಾದ ಅಗತ್ಯವೂ ಇಲ್ಲ. ‘ವೇಸ್ ಆಫ್ ಸೀಯಿಂಗ್’ 1972ರದು. ಅದರಲ್ಲಿ ಬರ್ಜರ್ ಸ್ವತಃ ವಿನಾಯಿತಿಗಳನ್ನು ಕೊಟ್ಟಿದ್ದ. ರೂಬೆನ್ಸ್ ತನ್ನ ಹೆಂಡತಿಯನ್ನು ಬರೆದ ಚಿತ್ರದ ಮುಂದೆ ತನ್ನ ಸೂತ್ರ ನಿಲ್ಲುವುದಿಲ್ಲವೆಂದು ಒಪ್ಪಿದ್ದ. ಶಿಷ್ಯರು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಅವರ ದೂರಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದು ಮೇಲರ್ಧದ ಸತ್ಯ. ಭಂಗಿಯ ಬಗ್ಗೆ ದೂರುವವರೂ ಭಂಗಿಯನ್ನು ಹೊಗಳುವವರೂ ನೋಡುತ್ತಿರುವುದು ಭುಜವನ್ನೇ, ಉಡುಪಿನ ಹತ್ತಿರಕ್ಕೆ ಇಬ್ಬರೂ ಬರುವುದಿಲ್ಲ.

ಫ್ರೆಂಚ್ ವಿಮರ್ಶಕ ಬಾರ್ತ್‌ನನ್ನು ಓದಿದವರು ಬರುತ್ತಾರೆ, ಆದರೆ ಎಡವುತ್ತಾರೆ. ಬಟ್ಟೆ ಬಾಯ್ಬಿಡುವ ಜಾಗದಲ್ಲೇ ಕಾಮವಿದೆ ಎಂದು ಬಾರ್ತ್ 1973ರಲ್ಲಿ ಬರೆದದ್ದು ಪ್ರಸಿದ್ಧ. ಈ ಚಿತ್ರದಲ್ಲೂ ಅಂಥದೊಂದು ಜಾಗವಿದೆ: ಕಾರ್ಸೆಟ್ಟು ಒಂದು ಬದಿಯಲ್ಲಿ ಮೈಯಿಂದ ಸರಿದು ನಿಂತಿದೆ. ಬಾರ್ತ್‌ನ ವಾಕ್ಯವನ್ನು ತಂದು ಅಲ್ಲಿ ಅಂಟಿಸಿದರೆ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆ ಸಂದಿ ಹುಟ್ಟಿದ್ದು ಹೇಗೆಂದು ಕೇಳಬೇಕು. ಲಂಗದ ಲಾಡಿ ಬಿಚ್ಚಿದರೆ ಲಂಗ ಕುಸಿದು ಕಾಲ ಬಳಿ ಸುರುಳಿ ಬೀಳುತ್ತದೆ. ಕಾರ್ಸೆಟ್ಟು ಕುಸಿಯುವುದಿಲ್ಲ. ಅದರ ಹೊಲಿಗೆಗಳ ನಡುವೆ ಕಡ್ಡಿಗಳಿವೆ, ಹಿಂದೆ ತಿಮಿಂಗಿಲದವು, ಆಮೇಲೆ ಉಕ್ಕಿನವು. ಲಾಡಿ ಸಡಿಲಾದ ಕೂಡಲೇ ಅದು ಮೈಯ ಆಕಾರವನ್ನು ಕೈಬಿಟ್ಟು ತನ್ನ ಆಕಾರಕ್ಕೆ ಮರಳುತ್ತದೆ. ಅಲ್ಲಿ ಕಾಣುವುದು ಬಾಯ್ಬಿಟ್ಟ ಬಟ್ಟೆಯಲ್ಲ. ಮೈಗೆ ಸೇರದೆ ತನ್ನಷ್ಟಕ್ಕೆ ನಿಂತ ಒಂದು ವಸ್ತು. ಯಾರೋ ಅಳೆದು, ಕತ್ತರಿಸಿ, ಹೊಲಿದು, ಕಡ್ಡಿ ತೂರಿಸಿ ಮಾಡಿದ ವಸ್ತು. ಹೆಣ್ಣನ್ನು ಶಿಲ್ಪವಾಗಿಸಲು ಹೊರಟವನ ಕ್ಯಾಮೆರಾಕ್ಕೆ ಕಸುಬುದಾರರ ಕೈಕೆಲಸ ಸಿಕ್ಕಿಬಿದ್ದದ್ದು ಇಲ್ಲಿಯೇ.

ವೋಗ್ ಅದನ್ನು ಸಹಿಸಲಿಲ್ಲ. ಚಿತ್ರವನ್ನು ತಿದ್ದಿ ಆ ಸಂದಿಯನ್ನು ಮುಚ್ಚಿದರು. ಕಾರ್ಸೆಟ್ಟು ಮೈಗೆ ಅಂಟಿಕೊಂಡಿತು. ಅಶ್ಲೀಲವೆನಿಸೀತೆಂದು ಹೀಗೆ ಮಾಡಿದರೆಂಬ ವಿವರಣೆಯನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಎರಡೂ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ತಿದ್ದಿದ್ದೇ ಹೆಚ್ಚು ಕಾಮುಕವಾಗಿದೆ. ಅದರಲ್ಲಿ ಉಡುಪು ಎರಡನೆಯ ಚರ್ಮವಾಗಿದೆ, ಮೈಯ ಏರಿಳಿತವನ್ನು ಹೇಳುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಮೂಲದಲ್ಲಿ ಉಡುಪು ಮೈಯ ಜೊತೆ ಜಗಳಕ್ಕೆ ನಿಂತಿದೆ. ತಿದ್ದಿದವರು ಅಳಿಸಿದ್ದು ಲಜ್ಜೆಗೇಡಿತನವನ್ನಲ್ಲ, ಕಡ್ಡಿಗಳ ಬಿಗುವನ್ನು. ಲಾಡಿಯನ್ನು ಮಾತ್ರ ಮುಟ್ಟಲಿಲ್ಲ, ಪುಣ್ಯಕ್ಕೆ. ಇಡೀ ಚಿತ್ರದಲ್ಲಿ ಯಾರ ಅಪ್ಪಣೆಗೂ ಕಾಯದೆ ತನ್ನ ಭಾರಕ್ಕೆ ತಾನು ಇಳಿದಿರುವುದು ಅದೊಂದೇ.

ಒಳಉಡುಪಿನ ಸಣ್ಣ ವಿವರಗಳಿಂದ ಕಲೆ ಹುಟ್ಟಬಲ್ಲದೆಂಬುದಕ್ಕೆ ಹೋರ್ಸ್ಟ್‌ನನ್ನೇ ಸಾಕ್ಷಿಯಾಗಿ ಕರೆಯುವುದು ರೂಢಿ. ನಾನಾದರೆ ಫ್ರೆಂಚ್ ಚಿತ್ರಕಾರ ಮಾನೆಯನ್ನು ಕರೆಯುತ್ತೇನೆ, 1877ರ ಅವನ ‘ನಾನಾ’ ಚಿತ್ರವನ್ನು. ನೀಲಿ ಸ್ಯಾಟಿನ್ ಕಾರ್ಸೆಟ್ಟು, ಬಿಳಿ ಪೆಟ್ಟಿಕೋಟು, ಕೈಯಲ್ಲಿ ಪೌಡರ್ ಪಫ್, ಬಲಗಡೆ ಚೌಕಟ್ಟಿಗೆ ಅರ್ಧ ಕತ್ತರಿಸಿಹೋದ ಟಾಪ್ ಹ್ಯಾಟಿನ ಗಂಡಸು. ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನವಾದ ಸಲೋನ್ ಅದನ್ನು ತಿರಸ್ಕರಿಸಿತು. ಅದು ಬೂಲ್ವಾರ್ ದೆ ಕಾಪುಸೀನ್‌ನ ಅಂಗಡಿಯೊಂದರ ಕಿಟಕಿಯಲ್ಲಿ ಜನರಿಗೆ ಕಂಡಿತು. ಅಂಗಡಿಯ ಸರಕನ್ನು ಬರೆದ ಚಿತ್ರ ಅಂಗಡಿಗೇ ಹೋದದ್ದು ತಕ್ಕದ್ದೇ. ಅಲ್ಲಿ ನೋಡುವವನೂ ಚಿತ್ರದೊಳಗೇ ಸೋಫಾ ಮೇಲೆ ಕೂತಿದ್ದಾನೆ. ಹೋರ್ಸ್ಟ್‌ಗಿಂತ ಅರವತ್ತು ವರ್ಷ ಮೊದಲೇ ಮಾನೆಗೆ ಗೊತ್ತಿತ್ತು, ಕಾರ್ಸೆಟ್ಟು ದುಡ್ಡು ಕೊಟ್ಟು ಕೊಂಡ ವಸ್ತು, ಕೊಂಡವನು ಕೋಣೆಯಲ್ಲೇ ಇದ್ದಾನೆ ಎಂದು. ‘ನಾನಾ’ ಇರುವುದು ಹ್ಯಾಂಬರ್ಗಿನಲ್ಲಿ. ವಿದ್ಯಾರ್ಥಿ ಹೋರ್ಸ್ಟ್ ಅದನ್ನು ನೋಡಿರಲೂಬಹುದು. ಅದರ ಮೇಲೆ ವಾದ ಕಟ್ಟಿದರೆ ನಾನೂ ರೈಲು ಹತ್ತಿದಂತೆ.

1990ರಲ್ಲಿ ಹೋರ್ಸ್ಟ್‌ನ ಚಿತ್ರದ ಈ ಬೆನ್ನು ಗಾಯಕಿ ಮಡೋನಾಳ ‘ವೋಗ್’ ಹಾಡಿನ ವಿಡಿಯೋದಲ್ಲಿ ಕಾಣಿಸಿಕೊಂಡಿತು. ತನ್ನನ್ನು ಕೇಳದೆ ಬಳಸಿಕೊಂಡರೆಂದು ಹೋರ್ಸ್ಟ್ ಬೇಸರಪಟ್ಟ. ವಿಡಿಯೋ ನಿರ್ದೇಶಿಸಿದ ಡೇವಿಡ್ ಫಿಂಚರ್ ಎತ್ತಿಕೊಂಡದ್ದು ಭಂಗಿಯನ್ನು, ಅಂದರೆ ಎತ್ತಿಕೊಳ್ಳಲು ಸುಲಭವಾದದ್ದನ್ನು. ಅದೇ ವರ್ಷ ಅದೇ ಮಡೋನಾಳ ಪ್ರವಾಸಕ್ಕೆ ವಿನ್ಯಾಸಕ ಜಾನ್ ಪಾಲ್ ಗೋಟಿಯೆ ಹೊಲಿದ ಶಂಕುವಿನ ಬ್ರಾ ಕಡೆಗೆ ನೋಡಬೇಕು. ಅದರ ಮೂಲ ಅಜ್ಜಿಯ ಮನೆಯಲ್ಲಿ ಕಂಡ ಕಾರ್ಸೆಟ್ಟು ಎಂದು ಅವನು ಹೇಳಿದ್ದಾನೆ. ಆ ಶಂಕುಗಳನ್ನು ಸೆಟೆದು ನಿಲ್ಲಿಸಿರುವುದು ಸುತ್ತಸುತ್ತ ಹಾಕಿದ ಹೊಲಿಗೆಯ ಸಾಲುಗಳು, 1950ರ ದಶಕದ ಸಾಮಾನ್ಯ ಬ್ರಾಗಳಲ್ಲಿದ್ದ ಉಪಾಯ. ಗೋಟಿಯೆ ಅದನ್ನು ಮರೆಮಾಡಲಿಲ್ಲ, ಇಡೀ ರಂಗದ ಬೆಳಕಿಗೆ ಒಡ್ಡಿದ. ಅದನ್ನು ಗಿಮಿಕ್ ಎಂದು ತಳ್ಳಿಹಾಕಿ ಹೋರ್ಸ್ಟ್‌ನಿಗೆ ಆರತಿ ಎತ್ತುವವರ ಅಭಿರುಚಿ ನನಗೆ ಅರ್ಥವಾಗುವುದಿಲ್ಲ.

ಮೇನ್‌ಬೋಶೆ ಹೆಸರಿನಲ್ಲಿ ಮೆರೆಯುವ ಆ ಕಾರ್ಸೆಟ್ಟನ್ನು ಮಾಡಿದ್ದು ದೆತೋಲ್. ಕಪ್ಪುಬಿಳುಪು ಚಿತ್ರದಲ್ಲಿ ಕಾಣದ ಒಂದು ಸಂಗತಿ, ಅದು ಗುಲಾಬಿ ಸ್ಯಾಟಿನ್ನಿನದು ಎಂಬುದು, ನಮಗೆ ಗೊತ್ತಾಗುವುದು ದೆತೋಲ್ ಹೆಸರಿನ ಜೊತೆಗೇ: ಶೀರ್ಷಿಕೆಯ ಕೊನೆಯಲ್ಲಿ, ಆವರಣದೊಳಗೆ. ಬಹಳಷ್ಟು ಕಡೆ ಆವರಣವನ್ನೂ ಕಿತ್ತುಹಾಕಿರುತ್ತಾರೆ.