ಕಾಂಪೌಂಡಿನೊಳಗೆ ಎಕ್ಕ

ರಥಸಪ್ತಮಿ ಬಂತೆಂದರೆ ಗಾಂಧಿಬಜಾರಿನಲ್ಲಿ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಎಕ್ಕದ ಎಲೆಗೂ ಬೆಲೆ ಬರುತ್ತದೆ. ತಲೆ, ಭುಜದ ಮೇಲೆ ಎಲೆಯಿಟ್ಟು ಸ್ನಾನ ಮುಗಿಸಿದರೆ ಮತ್ತೆ ಅದರ ನೆನಪಾಗುವುದು ಮುಂದಿನ ವರ್ಷವೇ. ಖಾಲಿ ಸೈಟಿನಲ್ಲಿ ತಾನಾಗಿ ಬೆಳೆದ ಎಕ್ಕವನ್ನು ಪಾಯ ತೆಗೆಯುವಾಗ ಕಿತ್ತೆಸೆದವರೇ, ಗೃಹಪ್ರವೇಶವಾದ ಮೇಲೆ ಸಿದ್ದಾಪುರದ ನರ್ಸರಿಗೆ ಹೋಗಿ ಚಿಟ್ಟೆ ಬರುವ ಗಿಡ ಕೇಳುತ್ತಾರೆ. ಮನೆಗೆ ಬರುವುದು ಆಫ್ರಿಕಾ ಮೂಲದ ಪೆಂಟಾಸ್, ಇಲ್ಲವೇ ಬಂಡೀಪುರದ ಕಾಡಿಗೆ ಕಂಟಕವಾಗಿರುವ ಲಂಟಾನದ ಯಾವುದೋ ತಳಿ.

ಅವುಗಳಿಗೂ ಚಿಟ್ಟೆ ಬರುತ್ತದೆ, ಮಕರಂದ ಹೀರಿ ಹೋಗುತ್ತದೆ. ಮರಿಗೆ ಮಾತ್ರ ಅಲ್ಲಿ ಊಟವಿಲ್ಲ.

ಎಕ್ಕದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಪ್ಲೇನ್ ಟೈಗರ್ ಚಿಟ್ಟೆ ಇದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಎಲೆ ತಿನ್ನುತ್ತಾ ಗಿಡದ ಹಾಲಿನ ವಿಷವನ್ನೂ ಮೈಗೂಡಿಸಿಕೊಳ್ಳಬಲ್ಲದು. ಹಾಗಾಗಿ ಹಕ್ಕಿಗಳು ಈ ಚಿಟ್ಟೆಯ ತಂಟೆಗೆ ಹೋಗುವುದು ಕಡಿಮೆ. ವಿಷವಿಲ್ಲದ ಡನೇಯ್ಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು ಅದೇ ವೇಷ ಹಾಕಿ ಬದುಕಿಕೊಳ್ಳುತ್ತದೆ.

ಜೇನಿನ ವಿಷಯಕ್ಕೆ ಬಂದರೆ ಹೊಗಳಿಕೆ ತಗ್ಗಬೇಕು. ಎಕ್ಕದ ಪರಾಗ ಪುಡಿಯಾಗಿ ಉದುರದು, ಮುದ್ದೆಯಾಗಿ ಹೂವಿನ ಸೀಳಿನೊಳಗೆ ಕೂತಿರುತ್ತದೆ. ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದೊಯ್ಯಲು ಮರ ಕೊರೆಯುವ ದೊಡ್ಡ ಕಪ್ಪು ದುಂಬಿಯಷ್ಟು ಕಸುವು ಬೇಕು. ತುಡುವೆ ಜೇನಿಗೆ ಹಿತ್ತಲ ಕರಿಬೇವೇ ವಾಸಿ: ಅದರ ಪುಟ್ಟ ಬಿಳಿ ಹೂವಿಗೆ ಜೇನು ಮುತ್ತುತ್ತದೆ, ಎಲೆಗೆ ಕಾಮನ್ ಮಾರ್ಮನ್ ಚಿಟ್ಟೆ ಮೊಟ್ಟೆಯಿಡುತ್ತದೆ. ಹೂ ಬಿಡುವ ಮೊದಲೇ ಒಗ್ಗರಣೆಗೆ ತುದಿ ಚಿವುಟುವ ಕೈಗಳು ಸ್ವಲ್ಪ ತಡೆದರೆ ಸಾಕು!

ಬಿಟಿಎಂ ಲೇಔಟಿನ ಫ್ಲ್ಯಾಟಿನ ಬಾಲ್ಕನಿಗೆ ಎಕ್ಕ ಸಲ್ಲದು. ಬೇರು ಆಳಕ್ಕಿಳಿಯುವ ಗಿಡ, ಕುಂಡದಲ್ಲಿ ಸೊರಗುತ್ತದೆ. ಕಣ್ಣಿಗೆ ಹಾಲು ಸಿಡಿದರೆ ದೃಷ್ಟಿಗೇ ಅಪಾಯ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಬೇಡವೆನ್ನುವುದೇ ಸರಿ. 30×40 ಸೈಟಿನಲ್ಲೂ ಬಿಸಿಲು ಬೀಳುವ ಒಂದು ಮೂಲೆಯ ಮಣ್ಣಿಗೆ ಸಿಮೆಂಟ್ ಬಳಿಯದೆ ಬಿಟ್ಟವರಿಗೆ ಇದಕ್ಕಿಂತ ಕಡಿಮೆ ಆರೈಕೆ ಕೇಳುವ ಗಿಡ ಸಿಗುವುದು ಕಷ್ಟ.

ಆದರೆ ತೂತುಬಿದ್ದ ಎಲೆಯನ್ನು ಸಹಿಸಬೇಕು. ಎಳೆ ಚಿಗುರಿಗೆ ಹಳದಿ ಹೇನು ಮೆತ್ತಿದೊಡನೆ ಔಷಧಿ ಹೊಡೆಯುವವರ ಕೈಯಲ್ಲಿ ಚಿಟ್ಟೆಯ ಹುಳುವೂ ಸಾಯುತ್ತದೆ. ಪೈಪಿನ ನೀರು ರಭಸವಾಗಿ ಬಿಟ್ಟರೆ ಹೇನು ಬಹುಪಾಲು ಉದುರುತ್ತದೆ; ಉಳಿದಿದ್ದನ್ನು ಗುಲಗಂಜಿ ಹುಳುಗಳು ತಿನ್ನುತ್ತವೆ.